ಜರ್ಮನ್ ಕಮ್ಮಟಗಳು ಕನ್ನಡ ಶಾಲೆಗಳಿಗೂ ಬರಲಿ

ಮಾನ್ಯ ಸಂಪಾದಕರೇ,

ಜರ್ಮನ್ ಭಾಷೆಯನ್ನೂ ಸಂಸ್ಕೃತಿಯನ್ನೂ ಆಟ, ಹಾಡು, ಕರಕೌಶಲಗಳ ಮುಖಾಂತರ ಶಾಲಾಮಕ್ಕಳಿಗೆ ಪರಿಚಯಿಸುವ ಕಮ್ಮಟಗಳು ನಗರಗಳ ಕೆಲವೇ ಶಾಲೆಗಳಿಗೆ ಸೀಮಿತವಾಗದೆ ಕನ್ನಡ ಶಾಲೆಗಳಿಗೂ ತಲಪಬೇಕೆಂದು ವಿಜ್ಞಾಪಿಸಿಕೊಳ್ಳಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಇಂಥದೊಂದು ಕಮ್ಮಟದಲ್ಲಿ ಮಕ್ಕಳು, ಗ್ರಿಮ್ ಸಹೋದರರ ಸಂಗ್ರಹದಲ್ಲಿರುವ ಬ್ರೆಮೆನ್ ವಾದ್ಯಗಾರರ ಕಥೆಯ ಕತ್ತೆ, ನಾಯಿ, ಬೆಕ್ಕು, ಹುಂಜಗಳನ್ನು ರಟ್ಟಿನಲ್ಲಿ ಕತ್ತರಿಸಿ, ಒಂದರ ಬೆನ್ನ ಮೇಲೊಂದನ್ನು ನಿಲ್ಲಿಸಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತ, ಜರ್ಮನ್ ಮಕ್ಕಳು ಅನುಕರಿಸುವ ರೀತಿಯಲ್ಲಿಯೇ ಹುಂಜಕ್ಕೆ ‘ಕಿಕೆರಿಕಿ’ ಎಂದೂ ಕತ್ತೆಗೆ ‘ಈಆ’ ಎಂದೂ ಕೂಗಿದುದನ್ನು ಕಂಡೆನು. ತೊಗಲುಗೊಂಬೆಯ ನಾಡಿನ ಮಕ್ಕಳಿಗೆ ಇದು ಕಿಂಚಿತ್ತೂ ಪರಕೀಯವೆನಿಸಲಿಲ್ಲ.

ಜರ್ಮನರೊಡನೆ ನಮಗಿರುವ ಋಣಾನುಬಂಧವೂ ಹೊಸತಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರ ಹೆಸರುಗಳನ್ನು ಪರೀಕ್ಷೆಗೆಂದು ಕಂಠಪಾಠ ಮಾಡುವ ವಿದ್ಯಾರ್ಥಿಗಳಿಗೆ, ಆ ಮಹನೀಯರ ತಾಯ್ನುಡಿಯ ನಾಲ್ಕು ಮಾತುಗಳಾದರೂ ಕಿವಿಗೆ ಬೀಳಬೇಡವೇ? ವಿದ್ಯಾವಂತ ಸಮಾಜಕ್ಕೆ ಈ ಉಪೇಕ್ಷೆ ಶೋಭಿಸದು.

ಜರ್ಮನ್ ಭಾಷೆಯನ್ನು ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವೂ ಶಿಕ್ಷಣ ಇಲಾಖೆಯೂ ಕೂಡಿ, ಆ ಇಬ್ಬರೂ ಸೇರಿದ್ದ ಬಾಸೆಲ್ ಮಿಷನ್ನಿನವರು ದುಡಿದ ಮಂಗಳೂರು, ಧಾರವಾಡಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೊದಲಿಗೆ ಇಂತಹ ಕಮ್ಮಟಗಳನ್ನು, ಶುಲ್ಕವಿಲ್ಲದೆ, ಏರ್ಪಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ, ಮಂಗಳೂರು