ಬಸಿರಿನಲ್ಲಿ ಬಿಡಬಾರದ ಮಾತ್ರೆ

ಸೊಸೆ ಬಸಿರಾದಳೆಂದು ತಿಳಿದೊಡನೆ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ‘ಸುಮ್ಮಸುಮ್ಮನೆ ಮಾತ್ರೆ ನುಂಗಬೇಡಮ್ಮ’ ಎಂಬುದೂ ಒಂದು. ಮಾತೇನೋ ಒಳ್ಳೆಯದೇ. ಆದರೆ ಥೈರಾಯಿಡ್ ತೊಂದರೆಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳು ಇದನ್ನು ಕೇಳಿ ಆ ಮಾತ್ರೆಯನ್ನೂ ನಿಲ್ಲಿಸಿಬಿಟ್ಟರೆ, ಕಾಳಜಿಯೇ ಮಗುವಿಗೆ ಕಂಟಕವಾದೀತು.

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯಾಕಾರದ ಪುಟ್ಟ ಗ್ರಂಥಿಯೊಂದಿದೆ. ಅದೇ ಥೈರಾಯಿಡ್. ಆಹಾರದ ಅಯೋಡಿನ್ ಬಳಸಿಕೊಂಡು ಇದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಒಲೆಗೆ ಊದುಗೊಳವೆ ಹೇಗೋ, ದೇಹದ ಜೀವಕೋಶಗಳಿಗೆ ಥೈರಾಕ್ಸಿನ್ ಹಾಗೆ. ಊದುವುದು ಕಡಿಮೆಯಾದರೆ ಉರಿ ಮಂದವಾಗುತ್ತದೆ.

ಗರ್ಭದಲ್ಲಿರುವ ಶಿಶುವಿಗೂ, ಮುಖ್ಯವಾಗಿ ಅದರ ಮೆದುಳಿನ ಬೆಳವಣಿಗೆಗೆ, ಥೈರಾಕ್ಸಿನ್ ಬೇಕೇ ಬೇಕು. ಆದರೆ ಶಿಶುವಿನ ಥೈರಾಯಿಡ್ ಕೆಲಸಕ್ಕೆ ತೊಡಗುವುದು 10ರಿಂದ 12ನೇ ವಾರದ ಹೊತ್ತಿಗೆ. ಸಾಕಷ್ಟು ತಯಾರಿಸಲು 18-20 ವಾರಗಳಾಗಬೇಕು. ಅಲ್ಲಿಯವರೆಗೆ ತಾಯಿ ಕೊಟ್ಟದ್ದೇ ಗತಿ. ಆರೋಗ್ಯವಾಗಿರುವ ಗ್ರಂಥಿ ಇಬ್ಬರಿಗಾಗಿ ಹೆಚ್ಚು ದುಡಿಯುತ್ತದೆ. ಸೋತ ಗ್ರಂಥಿಗೆ ಅದು ಸಾಧ್ಯವಿಲ್ಲ. ಈ ಕೊರತೆಗೆ ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ತಾಯಿಗೆ ರಕ್ತದೊತ್ತಡ ಇವುಗಳ ಸಂಭವ ಹೆಚ್ಚು. ಥೈರಾಯಿಡ್ ಹದ ಮೀರಿ ದುಡಿದು, ಹತೋಟಿಗೆ ಬಾರದಿದ್ದರೂ ಗರ್ಭಕ್ಕೆ ಅಪಾಯವೇ.

ಆದ್ದರಿಂದ ಥೈರಾಕ್ಸಿನ್ ಮಾತ್ರೆ ನುಂಗುತ್ತಿರುವವರು ಮುಟ್ಟು ನಿಂತು ಬಸಿರು ಖಚಿತವಾದ ಕೂಡಲೇ ವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ ಪ್ರಮಾಣವನ್ನು ಕಾಲು ಭಾಗದಷ್ಟಾದರೂ ಹೆಚ್ಚಿಸಬೇಕಾಗುತ್ತದೆ. ಎಷ್ಟೆಂಬುದನ್ನು ರಕ್ತದ ಟಿ.ಎಸ್.ಎಚ್. ಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸುತ್ತಾರೆ. ಟಿ.ಎಸ್.ಎಚ್. ಎಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯಿಡ್‌ಗೆ ಕಳಿಸುವ ಆಜ್ಞೆ. ಆಳು ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುವಂತೆ, ಥೈರಾಯಿಡ್ ಸೋತಷ್ಟೂ ಟಿ.ಎಸ್.ಎಚ್. ಏರುತ್ತದೆ.

ಇನ್ನೊಂದು ಎಚ್ಚರಿಕೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಥೈರಾಕ್ಸಿನ್ನನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ಥೈರಾಕ್ಸಿನ್ನನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು, ಉಳಿದವಕ್ಕೆ 4 ಗಂಟೆಗಳ ಅಂತರವಿಡಬೇಕು. ಮೂರನ್ನೂ ಒಟ್ಟಿಗೆ ನುಂಗಿದರೆ ಮಾತ್ರೆ ತೆಗೆದುಕೊಂಡೂ ಕೊರತೆ ಉಳಿಯಬಹುದು.

ಹಾಗೆಂದು ಪ್ರತಿಯೊಂದು ಗರ್ಭಪಾತಕ್ಕೂ ಥೈರಾಯಿಡ್ ಕಾರಣವಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಥೈರಾಯಿಡ್ ವಿರುದ್ಧದ ಪ್ರತಿಕಾಯಗಳು ರಕ್ತದಲ್ಲಿದ್ದರೂ ಹಾರ್ಮೋನು ಸರಿಯಾಗಿದ್ದ ಮಹಿಳೆಯರಿಗೆ ಥೈರಾಕ್ಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮಾತ್ರೆಯಿಂದ ಜೀವಂತ ಜನನಗಳು ಹೆಚ್ಚಲಿಲ್ಲ. ಪಕ್ಕದ ಮನೆಯವರಿಗೆ ಫಲಿಸಿತೆಂದು ತಾವೂ ನುಂಗುವುದು ಸಲ್ಲದು.

ಗರ್ಭ ಇಳಿದುಹೋದಾಗ ‘ಏನು ತಿಂದೆ, ಎಲ್ಲಿ ಓಡಾಡಿದೆ’ ಎಂದು ಆಕೆಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮಲ್ಲಿ ಇನ್ನೂ ತಪ್ಪಿಲ್ಲ. ಅದರ ಬದಲು ಗಂಡನೋ ಅತ್ತೆಯೋ ಜೊತೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲಿ. ಕೊರತೆಯಿದ್ದರೆ ತಿಳಿಯುತ್ತದೆ, ಅದಕ್ಕೆ ಮಾತ್ರೆಯೂ ಇದೆ.