ಮಗುವಿನ ಹೆಸರು, ದೊಡ್ಡವರ ಹಂಬಲ

ಮನೆಗೆ ನೆಂಟರು ಬಂದರೆ "ಮಾಮಂಗೆ ಒಂದು ಹಾಡು ಹೇಳು ಪುಟ್ಟಾ" ಅಂತ ಮಕ್ಕಳನ್ನು ಮುಂದಕ್ಕೆ ತಳ್ಳುವುದು ನಮ್ಮಲ್ಲಿ ಇಂದು ನಿನ್ನೆಯ ಅಭ್ಯಾಸವಲ್ಲ. ಮಗು ಅಮ್ಮನ ಸೆರಗು ಹಿಡಿದು ನುಲಿಯುತ್ತದೆ, ಅರ್ಧ ಶ್ಲೋಕ ಹೇಳಿ ಉಳಿದರ್ಧ ಮರೆಯುತ್ತದೆ, ಮಾಮ "ಭೇಷ್" ಅಂದು ಕೈಗೆ ಹತ್ತು ರೂಪಾಯಿ ಇಡುತ್ತಾರೆ. ಕಾಫಿ ಮುಗಿದ ಮೇಲೆ ಮಾಮ ಎದ್ದು ಹೋಗುತ್ತಾರೆ, ಮಗು ಆಟಕ್ಕೆ ಓಡುತ್ತದೆ. ಅದರಿಂದ ಯಾರಿಗೂ ನಷ್ಟವಾದದ್ದು ನಾನು ಕಂಡಿಲ್ಲ. ಈಗಿನ ನೆಂಟರು ಮಾತ್ರ ಎದ್ದು ಹೋಗುವವರೇ ಅಲ್ಲ, ನೋಡಿ. ಮೊಬೈಲಿನೊಳಗೇ ಕೂತು "ಇನ್ನೊಂದು, ಇನ್ನೊಂದು" ಅನ್ನುತ್ತಲೇ ಇರುತ್ತಾರೆ.

ಹೆಸರಿನ ಹಿಂದೆ ಬಿದ್ದು ಹಾಳಾದ ದೊಡ್ಡವರ ಕಥೆ ಬೇಕಾದಷ್ಟಿದೆ. ಅದು ಅವರು ಬಯಸಿ ತಂದುಕೊಂಡದ್ದು, ಅವರೇ ಅನುಭವಿಸಲಿ. ನನ್ನನ್ನು ಕಾಡುವುದು ಮಕ್ಕಳನ್ನು ಮುಂದಿಟ್ಟುಕೊಂಡು ದೊಡ್ಡವರು ನಡೆಸುವ ಹೆಸರಿನ ಬೇಟೆ.

ಬುಧಿಯಾ ಸಿಂಗ್ ನೆನಪಿದ್ದಾನಾ? 2006ರ ಮೇ 2ರಂದು ಪುರಿಯಿಂದ ಭುವನೇಶ್ವರದ ಕಡೆಗೆ ಓಡಿದ ಪುಟ್ಟ ಹುಡುಗ. ಆಗ ಅವನಿಗೆ ವಯಸ್ಸು ನಾಲ್ಕು. ನಮ್ಮ ನಿಮ್ಮ ಮನೆಯ ನಾಲ್ಕು ವರ್ಷದ ಮಕ್ಕಳು ಬಸ್‌ಸ್ಟಾಪಿನ ತನಕ ನಡೆಯಲೂ "ಎತ್ಕೋ" ಅನ್ನುತ್ತಾರೆ. ಈ ಮಗು ಒಡಿಶಾದ ಮೇ ತಿಂಗಳ ಬಿಸಿಲಲ್ಲಿ 65 ಕಿಲೋಮೀಟರ್ ಓಡಿತು, 7 ಗಂಟೆ 2 ನಿಮಿಷದಲ್ಲಿ. ಜೊತೆಗೆ ಸಿಆರ್‌ಪಿಎಫ್ ಜವಾನರು, ದಾರಿಯುದ್ದಕ್ಕೂ ಜನ, ಟೀವಿಯವರ ಗಾಡಿಗಳು. ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಹೆಸರೂ ಬಂತು. ದೇಶವೇ ಚಪ್ಪಾಳೆ ತಟ್ಟಿತು. ಅವತ್ತು ಟೀವಿ ಮುಂದೆ ಕೂತು ಕಣ್ಣೊರೆಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದರು.

ಓಟದ ಕೊನೆಯಲ್ಲಿ ಹುಡುಗ ಸುಸ್ತಾಗಿ ಕುಸಿದ. ಆಮೇಲೆ ವೈದ್ಯರು ಪರೀಕ್ಷೆ ಮಾಡಿದಾಗ ರಕ್ತಹೀನತೆ, ಅಪೌಷ್ಟಿಕತೆ, ಹೃದಯದ ಮೇಲೆ ಒತ್ತಡ ಎಲ್ಲ ಕಂಡವು. ಅವನು ಅಂಥ ದೂರ ಓಡಕೂಡದೆಂದು ಸರ್ಕಾರ ತಡೆ ಹಾಕಿತು. ತಡೆ ಹಾಕಿದ್ದಕ್ಕೇ ಆಗ ಎಷ್ಟು ಗಲಾಟೆ ಅಂತೀರಿ! ಪ್ರತಿಭೆಯನ್ನು ಚಿವುಟುತ್ತಿದ್ದಾರೆ ಎಂಬ ಕೂಗು.

ಕೋಚ್ ಬಿರಂಚಿ ದಾಸ್‌ರನ್ನು ಸುಲಭವಾಗಿ ಖಳನಾಯಕ ಅಂದುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಭುವನೇಶ್ವರದ ಕೊಳೆಗೇರಿಯ ಬಡ ತಾಯಿ ಈ ಮಗುವನ್ನು 800 ರೂಪಾಯಿಗೆ ಬೀದಿ ವ್ಯಾಪಾರಿಯೊಬ್ಬನಿಗೆ ಕೊಟ್ಟಿದ್ದಳು ಎಂಬುದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದ ಸುದ್ದಿ. ಅಲ್ಲಿಂದ ಕರೆತಂದು ಊಟ, ಬಟ್ಟೆ, ಸೂರು ಕೊಟ್ಟವರು ಈ ಜೂಡೋ ಕೋಚ್. ಹುಡುಗ ಕೆಟ್ಟ ಮಾತಾಡಿದ್ದಕ್ಕೆ ಮೈದಾನ ಸುತ್ತುವ ಶಿಕ್ಷೆ ಕೊಟ್ಟು ಹೋಗಿದ್ದೆ, ಗಂಟೆಗಟ್ಟಲೆ ಆದ ಮೇಲೆ ಬಂದು ನೋಡಿದರೆ ಇನ್ನೂ ಓಡುತ್ತಲೇ ಇದ್ದ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಪ್ರೀತಿಯೂ ಇತ್ತು, ಹೆಸರಿನ ಆಸೆಯೂ ಇತ್ತು. ಎರಡೂ ಒಂದೇ ತಟ್ಟೆಯಲ್ಲಿ ಕಲಸಿಹೋದ ಮೇಲೆ ಯಾವುದು ಅನ್ನ ಯಾವುದು ಸಾರು ಅಂತ ಬೇರೆ ಮಾಡುವುದು ಹೇಗೆ? 2008ರ ಏಪ್ರಿಲ್‌ನಲ್ಲಿ ಬಿರಂಚಿಯನ್ನು ಗುಂಡಿಕ್ಕಿ ಕೊಂದರು. ಬುಧಿಯಾ ಸರ್ಕಾರದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದ. 2016ರಲ್ಲಿ ಅವನ ಬಗ್ಗೆ ಸಿನಿಮಾ ಬಂತು, ಕೋಚ್ ಪಾತ್ರದಲ್ಲಿ ಮನೋಜ್ ಬಾಜಪೇಯಿ. ಒಲಿಂಪಿಕ್ಸ್ ಕನಸು ಮಾತ್ರ ಕನಸಾಗಿಯೇ ಉಳಿಯಿತು. ನಾಲ್ಕನೇ ವಯಸ್ಸಿಗೇ ಬದುಕಿನ ದೊಡ್ಡ ಸುದ್ದಿ ಮುಗಿದುಹೋದರೆ ಉಳಿದ ವರ್ಷಗಳನ್ನು ಹುಡುಗ ಏನು ಮಾಡಬೇಕು?

ಇದೆಲ್ಲ ಬಡತನದ ಕಥೆ, ನಮ್ಮ ಮನೆಯದಲ್ಲ ಅಂದುಕೊಳ್ಳಬೇಡಿ. ಅತ್ತ ಅಮೆರಿಕಾದಲ್ಲಿ ಜಾಕಿ ಕೂಗನ್ ಎಂಬ ಹುಡುಗನಿದ್ದ. 1921ರಲ್ಲಿ ಚಾಪ್ಲಿನ್ನರ 'ದಿ ಕಿಡ್' ಚಿತ್ರದಲ್ಲಿ ಹರಕು ಟೋಪಿ ಹಾಕಿಕೊಂಡು ಜಗತ್ತನ್ನೇ ಅಳಿಸಿದವನು. ಲಕ್ಷಗಟ್ಟಲೆ ಡಾಲರ್ ದುಡಿದ. ಇಪ್ಪತ್ತೊಂದು ತುಂಬಿದ ಮೇಲೆ ನನ್ನ ದುಡ್ಡೆಲ್ಲಿ ಅಂತ ಕೇಳಿದರೆ ತಾಯಿ, ಮಲತಂದೆ ಕೈ ಝಾಡಿಸಿದರು. ಚಿಕ್ಕ ಮಕ್ಕಳ ಸಂಪಾದನೆ ಹೆತ್ತವರದ್ದೇ ಎಂಬುದು ಆಗಿನ ಕಾನೂನು. 1938ರಲ್ಲಿ ಹೆತ್ತ ತಾಯಿಯ ಮೇಲೇ ಕೋರ್ಟಿಗೆ ಹೋದ, ಕೈಗೆ ಹತ್ತಿದ್ದು ಚೂರುಪಾರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಯಲು ಕಾನೂನು ಬಂತು. ಅದನ್ನು ಇವತ್ತಿಗೂ ಕೂಗನ್ ಹೆಸರಿನಲ್ಲೇ ಕರೆಯುತ್ತಾರೆ.

ಇನ್ನು ನಮ್ಮ ಮನೆಯ ವಿಷಯ. ನನ್ನ ತಂಗಿಯ ಮಗಳು ತನ್ನ ಆರು ವರ್ಷದ ಪುಟ್ಟಿಯ ಹೆಸರಿನಲ್ಲಿ ರೀಲ್ಸ್ ಮಾಡುತ್ತಾಳೆ. ಹನ್ನೊಂದು ಸಾವಿರ ಜನ ನೋಡುವವರಂತೆ. ಬಟ್ಟೆ ಅಂಗಡಿಯವರು ಜರಿ ಲಂಗ ಕಳಿಸುತ್ತಾರೆ. ಕಳೆದ ತಿಂಗಳು ಪುಟ್ಟಿ ಸೈಕಲ್ಲಿನಿಂದ ಬಿದ್ದಳು, ಮಂಡಿ ಕಿತ್ತು ರಕ್ತ. ಅತ್ತುಕೊಂಡೇ ಕೇಳಿದ ಮೊದಲ ಮಾತು, "ಅಮ್ಮಾ, ವಿಡಿಯೋ ಬಂತಾ?" ನಾವೆಲ್ಲ ನಕ್ಕೆವು. ಆದರೆ ನಗಲಾಗದ ಇನ್ನೊಂದು ಸಂಗತಿ ಇದೆ. ಒಂದನೇ ಕ್ಲಾಸಿನ ಪುಟ್ಟಿ ಈಗ ಅಕ್ಷರ ಕೂಡಿಸಿ ಓದುವುದನ್ನು ಕಲಿತಿದ್ದಾಳೆ. ಅಮ್ಮನ ಮೊಬೈಲ್ ಹಿಡಿದು, ತನ್ನದೇ ವಿಡಿಯೋ ಕೆಳಗಿನ ಮಾತುಗಳನ್ನು ಬೆರಳಿಟ್ಟು ಓದುತ್ತಾಳೆ. "ಹ-ಲ್ಲು ಬಿ-ದ್ದ ಅ-ಜ್ಜಿ." ಅವತ್ತಿನಿಂದ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ.

"ಮುಚ್ಚಿಬಿಡೇ ಅದನ್ನ" ಅಂದೆ.

"ದೊಡ್ಡಮ್ಮ, ಎಲ್ರೂ ಮಾಡ್ತಾರೆ. ಅವಳು ದೊಡ್ಡವಳಾದ್ಮೇಲೆ ನೋಡ್ಕೊಂಡು ಖುಷಿಪಡ್ತಾಳೆ."

"ಖುಷಿಪಡದೆ ಹೋದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಹೆರಿಗೆ ಆದ್ಮೇಲೆ ಕೆಲಸ ಬಿಟ್ಟು ಮನೇಲಿ ಕೂತೆನಲ್ಲ, ಐದು ವರ್ಷ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ ದೊಡ್ಡಮ್ಮ. ಈಗ ತರಕಾರಿ ಅಂಗಡೀಲೂ ಪುಟ್ಟಿ ಅಮ್ಮ ಅಲ್ವಾ ಅಂತ ಗುರುತು ಹಿಡೀತಾರೆ."

ಈ ಮಾತಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಗುರುತು ಬೇಕು ಅನ್ನುವ ಹಸಿವು ಸುಳ್ಳಲ್ಲ. ಎಂ.ಕಾಂ. ಓದಿದ ಹುಡುಗಿ, ಕುಕ್ಕರಿನ ಸೀಟಿ ಎಣಿಸುತ್ತ ಕೂತರೆ ಹಸಿವಾಗದೇ ಇರುತ್ತದೆಯೇ? ಆದರೂ ಹೇಳಿದೆ: "ಅಕೌಂಟ್ಸ್ ಪಾಠ ನಿನಗೆ ನೀರು ಕುಡಿದ ಹಾಗೆ. ಅದನ್ನ ಹೇಳ್ಕೊಡು, ನಿನ್ನ ಮುಖ ತೋರ್ಸು. ಅವಳ ಮುಖ ಅವಳಿಗೇ ಇರ್ಲಿ." "ನನ್ನ ಮುಖ ಯಾರು ನೋಡ್ತಾರೆ ಬಿಡಿ" ಅಂದಳು. ಮಾತು ಅಲ್ಲಿಗೆ ನಿಂತಿದೆ. ನಾನಂತೂ ಬಿಡುವವಳಲ್ಲ.

ನಮ್ಮ ದೇಶದಲ್ಲೂ ನಿಯಮವಿದೆ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, 3 ಗಂಟೆಗೊಮ್ಮೆ ವಿರಾಮ ಕೊಡಲೇಬೇಕು. ಸಂಪಾದನೆಯ ಕನಿಷ್ಠ ಶೇ 20ನ್ನು ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಜಿಲ್ಲಾಧಿಕಾರಿಗಳ ಅನುಮತಿಯೂ ಬೇಕು. ಸಿನಿಮಾ ಸೆಟ್ಟಿಗೆ ಇದು ಸರಿ. ಹಜಾರದಲ್ಲಿ ಮೊಬೈಲ್ ಹಿಡಿದು "ಇನ್ನೊಂದ್ಸಲ ನಗು ಪುಟ್ಟಿ" ಅನ್ನುವ ಅಮ್ಮನ ಗಡಿಯಾರ ನೋಡುವವರು ಯಾರು? ಫ್ರಾನ್ಸ್ 2020ರಲ್ಲಿ ಇಂಥ ಮಕ್ಕಳಿಗಾಗಿಯೇ ಕಾನೂನು ಮಾಡಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ. ನನ್ನ ವಿಡಿಯೋ ತೆಗೆದುಹಾಕಿ ಅಂತ ಮಗುವೇ ಕೇಳಬಹುದು, ಅದಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ.

ಹಾಗಾದರೆ ಮಕ್ಕಳು ವೇದಿಕೆ ಹತ್ತಲೇಬಾರದೇ? ಹಾಗೆಂದರೆ 'ಬೆಟ್ಟದ ಹೂವು' ನಮಗೆ ಎಲ್ಲಿ ಸಿಗುತ್ತಿತ್ತು? 1985ರ ಆ ಚಿತ್ರದ ರಾಮುವಾಗಿ ಮಾಸ್ಟರ್ ಲೋಹಿತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಹುಡುಗ ನಾಯಕ ಪುನೀತ್ ಆಗಿ ಬಂದದ್ದು 2002ರ 'ಅಪ್ಪು'ವಿನಲ್ಲಿ. ನಡುವೆ ಬೆಳೆಯಲು ಅವರಿಗೆ ಸಾಕಷ್ಟು ವರ್ಷ ಸಿಕ್ಕಿತು.

ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ನ ಸ್ವಾಮಿಯನ್ನು ನೋಡಿ, ಮಾಸ್ಟರ್ ಮಂಜುನಾಥ್. ಇಡೀ ಭಾರತ ಆ ಹುಡುಗನನ್ನು ಮನೆಮಗನ ಹಾಗೆ ಕಂಡಿತ್ತು. ಮುಂದೆ ಅವರು ನಟನೆ ಬಿಟ್ಟು, ಓದಿ, ಬೇರೆ ಉದ್ಯೋಗ ಹಿಡಿದರು. ಆಗುಂಬೆಯ ದೊಡ್ಡಮನೆಗೆ ಹೋದವರು ಇವತ್ತಿಗೂ ಜಗಲಿಯ ಕಂಬದ ಹತ್ತಿರ ಸ್ವಾಮಿಯನ್ನು ಹುಡುಕುತ್ತಾರೆ. ಅವರು ತಮ್ಮ ಪಾಡಿಗೆ ಆಫೀಸಿಗೆ ಹೋಗಿರುತ್ತಾರೆ.