ಕೀಲಿ ತೆಗೆಯುವ ಆಟಕ್ಕೆ ಪೊಲೀಸ್ ಸರ್ಟಿಫಿಕೇಟು ಯಾಕೆ?

ಬೆಂಗಳೂರಿನ ಕೆಲವು ಗೆಳೆಯರು ರಾಷ್ಟ್ರಮಟ್ಟದ ಕೀಲಿ ತೆಗೆಯುವ ಸ್ಪರ್ಧೆ ನಡೆಸಲು ಹೊರಟಿದ್ದಾರೆ. ಚಾವಿ ಇಲ್ಲದೆ, ಕೀಲಿ ಮುರಿಯದೆ, ಎರಡು ತೆಳುವಾದ ಕಡ್ಡಿಗಳನ್ನು ಒಳಗೆ ಹಾಕಿ ತೆಗೆಯುವ ಆಟ ಇದು. ಬೇಗ ತೆಗೆದವರು ಗೆದ್ದಂತೆ. ನಾನೂ ಇದರ ಗೀಳು ಹತ್ತಿಸಿಕೊಂಡವನೇ. ಥೀಸಿಸ್ಸಿನ ಅಧ್ಯಾಯ ಮುಂದೆ ಹೋಗದ ರಾತ್ರಿಗಳಲ್ಲಿ ಹಾಸ್ಟೆಲಿನ ಮಂಚದ ಮೇಲೆ ಕೂತು ಹಳೇ ಕೀಲಿಗಳ ಜೊತೆ ಗುದ್ದಾಡುತ್ತೇನೆ. ಹಾಗಾಗಿ ಅವರು ಸ್ಪರ್ಧೆಯ ನಿಯಮಗಳ ಕರಡನ್ನು ನನಗೆ ಕಳಿಸಿ, ಕನ್ನಡಕ್ಕೆ ಮಾಡಿಕೊಡು ಎಂದರು.

(ಬೆಂಗಳೂರಿನವರು ಬೀಗ ಅನ್ನುವುದನ್ನು ನಮ್ಮ ದಂಡೋತಿ ಕಡೆ ಕೀಲಿ ಅನ್ನುತ್ತಾರೆ, ಕೀಲಿಕೈಯನ್ನು ಚಾವಿ. ನಮ್ಮಲ್ಲಿ ಬೀಗರೆಂದರೆ ಮಗಳನ್ನು ಕೊಟ್ಟ ಮನೆಯವರು. ಅವರನ್ನು ಯಾವ ಕಡ್ಡಿಯಿಂದಲೂ ತೆಗೆಯಲಾಗದು.)

ಕರಡಿನ ಎರಡು ನಿಯಮಗಳ ಹತ್ತಿರ ನನ್ನ ಕೈ ನಿಂತಿತು. ಸ್ಪರ್ಧೆ ಹವ್ಯಾಸಿಗಳಿಗೆ ಮಾತ್ರ, ಕೀಲಿ ರಿಪೇರಿ ಅಥವಾ ಚಾವಿ ಮಾಡುವ ಕೆಲಸದಿಂದ ಜೀವನ ಸಾಗಿಸುವವರಿಗೆ ಪ್ರವೇಶವಿಲ್ಲ ಎನ್ನುವುದು ಒಂದು. ಪ್ರತಿ ಸ್ಪರ್ಧಿಯೂ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟು ಕೊಡಬೇಕು ಎನ್ನುವುದು ಇನ್ನೊಂದು. ಈ ಎರಡು ಸಾಲುಗಳನ್ನು ನಾನು ಕನ್ನಡಕ್ಕೆ ಮಾಡುವುದಿಲ್ಲ. ಯಾಕೆ ಎಂದು ಗೆಳೆಯರಿಗೆ ಫೋನಿನಲ್ಲಿ ಹೇಳಿದ್ದು ಸಾಲಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರ ಭಯದ ಮಾತು. ಇಂಥ ಸ್ಪರ್ಧೆ ಇಟ್ಟರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತೆ ಎಂದು ಜನ ಆಡಿಕೊಳ್ಳುತ್ತಾರೆ, ಸರ್ಟಿಫಿಕೇಟು ಕೇಳಿದರೆ ಬಾಯಿ ಮುಚ್ಚಿಸಬಹುದು ಎನ್ನುತ್ತಾರೆ. ಯಾವ ಕನ್ನಡ ಪತ್ರಿಕೆಯ ಅಪರಾಧ ಸುದ್ದಿಯನ್ನಾದರೂ ತೆಗೆದು ನೋಡಿ. ‘ಮನೆ ಬೀಗ ಮುರಿದು ಚಿನ್ನಾಭರಣ ಕಳವು.’ ಮುರಿದು ಎಂದೇ ಇರುತ್ತದೆ, ತೆರೆದು ಎಂದು ಇರುವುದು ಅಪರೂಪ. ಕಳ್ಳನಿಗೆ ಪುರುಸೊತ್ತಿಲ್ಲ. ಕಬ್ಬಿಣದ ರಾಡು ಹಾಕಿ ಕೊಂಡಿ ಮೀಟಿದರೆ ಅರ್ಧ ನಿಮಿಷದ ಕೆಲಸ. ನಾನು ಒಂದು ಸಾಧಾರಣ ಕೀಲಿಯ ಮುಂದೆ ಮುಕ್ಕಾಲು ಗಂಟೆ ಕೂತು ಬೆವರಿದ್ದೇನೆ.

ಬೆವರುವುದು ಯಾಕೆಂದರೆ, ಅದು ಬೆರಳಿನಿಂದ ಕೇಳಿಸಿಕೊಳ್ಳುವ ಕೆಲಸ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಮಾದರಿಯ ಕೀಲಿಯೇ ಇವತ್ತೂ ನಮ್ಮ ಎಷ್ಟೋ ಬಾಗಿಲುಗಳಲ್ಲಿದೆ. ಒಳಗೆ ಸಾಲಾಗಿ ಐದಾರು ಜೋಡಿ ಪಿನ್ನುಗಳು, ಪ್ರತಿಯೊಂದರ ಮೇಲೆ ಸಣ್ಣ ಸ್ಪ್ರಿಂಗು. ಸರಿಯಾದ ಚಾವಿ ಒಳಹೋದಾಗ ಎಲ್ಲ ಜೋಡಿಗಳ ಸಂದು ಒಂದೇ ಗೆರೆಗೆ ಬರುತ್ತದೆ, ಉರುಳೆ ತಿರುಗುತ್ತದೆ. ಆದರೆ ಪಿನ್ನು ಕೂರುವ ತೂತುಗಳನ್ನು ಯಾವ ಯಂತ್ರವೂ ಪಕ್ಕಾ ಒಂದೇ ನೇರಕ್ಕೆ ಕೊರೆಯಲಾರದು, ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತದೆ. ಒಂದು ಕಡ್ಡಿಯಿಂದ ಉರುಳೆಯನ್ನು ಹಗುರವಾಗಿ ತಿರುವಿ ಹಿಡಿದರೆ, ಆ ವ್ಯತ್ಯಾಸದಿಂದಾಗಿ ಒಂದೇ ಒಂದು ಪಿನ್ನು ಮೊದಲು ಬಿಗಿಯುತ್ತದೆ. ಇನ್ನೊಂದು ಕಡ್ಡಿಯಿಂದ ಅದನ್ನು ಹುಡುಕಿ ಎತ್ತಬೇಕು. ಗೆರೆಗೆ ಬಂದಾಗ ಟಿಕ್ ಎಂದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮುಂದಿನದು. ಸ್ವಲ್ಪ ಜೋರು ಮಾಡಿದಿರೋ, ಬಿಟ್ಟು ಮೊದಲಿನಿಂದ ಶುರು ಮಾಡಬೇಕು. ಇಷ್ಟು ತಾಳ್ಮೆ ಇರುವ ಕಳ್ಳ ಸಿಕ್ಕರೆ ಅವನಿಗೆ ನನ್ನ ಗೈಡು ಪಿಎಚ್‌ಡಿ ಸೀಟು ಕೊಡಬಹುದು.

ಈ ಆಟಕ್ಕೆ ಈಗಾಗಲೇ ನೀತಿಯಿದೆ. ಜರ್ಮನಿಯ ಹವ್ಯಾಸಿಗಳು 1997ರಲ್ಲಿ ಹ್ಯಾಂಬರ್ಗಿನಲ್ಲಿ ಸಂಘ ಕಟ್ಟಿಕೊಂಡರು. ನೆದರ್‌ಲೆಂಡ್ಸಿನಲ್ಲೂ ಅಂಥದ್ದೊಂದು ಹುಟ್ಟಿತು. ಈ ಆಟ ಆಡುವವರು ಎಲ್ಲೇ ಇದ್ದರೂ ಒಪ್ಪಿಕೊಂಡಿರುವ ನಿಯಮ ಎರಡೇ. ನಿನ್ನದಲ್ಲದ ಕೀಲಿಯನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮುಟ್ಟಬೇಡ. ಬಳಕೆಯಲ್ಲಿರುವ ಕೀಲಿಯನ್ನು ತೆಗೆಯಬೇಡ. ಎರಡೂ ನೀನು ಏನು ಮಾಡುತ್ತೀಯ ಎನ್ನುವುದರ ಮೇಲೆ ನಿಂತಿವೆ. ನಮ್ಮ ಕರಡಿನ ನಿಯಮಗಳು ನೀನು ಯಾರು ಎನ್ನುವುದರ ಮೇಲೆ ನಿಂತಿವೆ. ನನ್ನ ಜಗಳ ಇಷ್ಟೇ.

ಕೀಲಿ ತೆಗೆಯುವ ಪಂದ್ಯದ ಇತಿಹಾಸವನ್ನು ಗೆಳೆಯರು ನನಗಿಂತ ಚೆನ್ನಾಗಿ ಬಲ್ಲರು, ಅದೇ ಬೇಸರ. ಜೋಸೆಫ್ ಬ್ರಾಮಾ ಲಂಡನ್ನಿನ ತನ್ನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಕೀಲಿ ಇಟ್ಟು, ಇದನ್ನು ತೆಗೆಯುವ ಸಲಕರಣೆ ಮಾಡಿದವರಿಗೆ 200 ಗಿನಿ ಎಂದು ಬರೆಸಿದ. 1851ರಲ್ಲಿ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ ಬಂದು, ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು, ತೆಗೆದೇಬಿಟ್ಟ. ಇದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚಿನ ಕತೆಯನ್ನು ಮಾತ್ರ ಅರ್ಧಕ್ಕೆ ಬಿಡುತ್ತಾರೆ. ಪೋರ್ಟ್ಸ್‌ಮತ್ ಬಂದರಿನಲ್ಲಿ ಕಳವಾದ ಮೇಲೆ, ಖೊಟ್ಟಿ ಚಾವಿಗೆ ಬಗ್ಗದ ಕೀಲಿ ಬೇಕೆಂದು ಬ್ರಿಟಿಷ್ ಸರಕಾರ ಕರೆಕೊಟ್ಟಿತು. ಜೆರಮಾಯಾ ಚಬ್ 1818ರಲ್ಲಿ ಹೊಸ ಕೀಲಿ ಮಾಡಿದ. ಪರೀಕ್ಷೆಗೆ ಯಾರನ್ನು ಕರೆದರು? ಅಲ್ಲೇ ಕೈದಿಗಳ ಹಡಗಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ಕೀಲಿ ಕಸುಬುದಾರನನ್ನು. ತೆಗೆದರೆ ಸರಕಾರದಿಂದ ಬಿಡುಗಡೆ, ಚಬ್‌ನಿಂದ 100 ಪೌಂಡು. ಅವನು ಎರಡು ಮೂರು ತಿಂಗಳು ಹೆಣಗಿ, ಆಗಲಿಲ್ಲ ಎಂದು ಒಪ್ಪಿಕೊಂಡ. ಆ ಕೀಲಿಗೆ ಬೆಲೆ ಬಂದದ್ದು ಅವನು ಸೋತದ್ದರಿಂದ. ಇನ್ನೂರು ವರ್ಷದ ಹಿಂದೆ ಒಂದು ಸಾಮ್ರಾಜ್ಯ ಜೈಲಿನಿಂದ ಸ್ಪರ್ಧಿಯನ್ನು ಹುಡುಕಿ ತಂದಿತು. ನಾವು ಠಾಣೆಯ ಸಿಕ್ಕಾ ಕೇಳುತ್ತಿದ್ದೇವೆ.

ಇನ್ನು ‘ಹವ್ಯಾಸಿ’ ಎಂಬ ಪದ. ಕೇಳಲು ಎಷ್ಟು ಪಾಪದ ಪದ. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯವರು 1879ರಲ್ಲಿ ಹವ್ಯಾಸಿ ಯಾರು ಎಂದು ವ್ಯಾಖ್ಯೆ ಮಾಡಿಕೊಂಡರು. ದೋಣಿ ಕೆಲಸದವರಷ್ಟೇ ಅಲ್ಲ, ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ ಯಾರೂ ಹವ್ಯಾಸಿಯಲ್ಲ ಎಂದರು. ಅಂದರೆ ಕೈಯಿಂದ ದುಡಿದು ತಿನ್ನುವವನು ಆಟಕ್ಕೆ ಅಯೋಗ್ಯ. ಆ ಮಾತು ನಿಯಮದಿಂದ ಹೋದದ್ದು 1937ರಲ್ಲಿ. ನಮ್ಮ ಗೆಳೆಯರಿಗೆ ಅಂಥ ಉದ್ದೇಶವಿಲ್ಲ, ಗೊತ್ತು. ವೃತ್ತಿಯವರು ಬಂದರೆ ನಾವೆಲ್ಲ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತೇವೆ ಎಂಬ ಅಂಜಿಕೆಯಷ್ಟೇ ಅವರದು. ಅದನ್ನಾದರೂ ಪ್ರಾಮಾಣಿಕವಾಗಿ ಬರೆಯಲಿ.

ನಮ್ಮ ಊರಲ್ಲಿ ಕೀಲಿ ಎಂದರೆ ಏನೆಂದು ಹೇಳಬೇಕು. ದಂಡೋತಿ ಚಿತ್ತಾಪುರ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿದೆ. ಆಸುಪಾಸಿನಲ್ಲಿ ವಾಡಿ, ಶಹಾಬಾದ, ಸೇಡಂನ ಸಿಮೆಂಟು ಫ್ಯಾಕ್ಟರಿಗಳು, ಫರಸಿ ಕಲ್ಲಿನ ಖಣಿಗಳು. ಆದರೂ ಓಣಿಗೆ ಎರಡು ಮನೆಯವರಾದರೂ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತಾರೆ. ಬಾಗಿಲಿಗೆ ಕೀಲಿ ಬಿತ್ತೆಂದರೆ ಆ ಮನೆ ದುಡಿಯಲು ಹೋಗಿದೆ ಎಂದೇ ಅರ್ಥ. ಆರು ತಿಂಗಳ ಮಳೆ, ಧೂಳು ತಿಂದು ಕೀಲಿ ಹಿಡಿದುಕೊಂಡಿರುತ್ತದೆ. ಯುಗಾದಿಗೆ ವಾಪಸ್ಸು ಬಂದವರ ಹತ್ತಿರ ಚಾವಿ ಇದ್ದರೂ ತಿರುಗುವುದಿಲ್ಲ, ಎಷ್ಟೋ ಸಲ ಚಾವಿಯೇ ಇರುವುದಿಲ್ಲ. ಆಗ ಒಬ್ಬರನ್ನು ಕರೆಸುತ್ತಾರೆ. ಅವರ ಹೆಸರನ್ನಾಗಲಿ ಜಾತಿಯನ್ನಾಗಲಿ ಬರೆಯುವುದಿಲ್ಲ, ಬರೆದರೆ ಗುರುತು ಸಿಕ್ಕುತ್ತದೆ. ನಾನು ಕಾಕಾ ಎನ್ನುತ್ತೇನೆ. ಸಂತೆಯಲ್ಲಿ ಚಾವಿ ಮಾಡುತ್ತಾರೆ, ಸ್ಟೋವ್ ರಿಪೇರಿ ಮಾಡುತ್ತಾರೆ. ನಮ್ಮ ಸಣ್ಣವ್ವನ ಮನೆಯ ತುಕ್ಕು ಹಿಡಿದ ಕೀಲಿಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟು, ಬೀಡಿ ಸೇದಿ ಮುಗಿಸಿ, ಸೈಕಲ್ಲಿನ ಕಡ್ಡಿ ಹಾಕಿ ತೆಗೆದದ್ದನ್ನು ಹುಡುಗನಾಗಿದ್ದಾಗ ಕಂಡಿದ್ದೇನೆ. ನನ್ನ ಗೀಳು ಶುರುವಾದದ್ದು ಅಲ್ಲಿ.

ಸುತ್ತಮುತ್ತ ಎಲ್ಲೇ ಕಳವಾಗಲಿ, ಅವರಿಗೆ ಕರೆ ಬರುತ್ತದೆ. ಯಾವುದೂ ಸಾಬೀತಾಗಿಲ್ಲ, ಆದರೂ ಬರುತ್ತದೆ. ಅಪ್ಪನಿಗೂ ಬರುತ್ತಿತ್ತಂತೆ. ಸ್ಪರ್ಧೆಯ ಸುದ್ದಿ ಹೇಳಿದಾಗ ಕಾಕಾ ಮೊದಲು ಕೇಳಿದ್ದು, “ಬಹುಮಾನ ಎಷ್ಟದ ತಮ್ಮಾ?” ಸರ್ಟಿಫಿಕೇಟಿನ ಮಾತು ಬಂದಾಗ ನಕ್ಕರು. “ಠಾಣೆಕ ನಾ ಅವರು ಕರದಾಗ ಹೋಗಾಂವ. ನಾನಾಗೇ ಹೋಗಿ, ನಾ ಕಳ್ಳ ಅಲ್ಲ ಅಂತ ಬರಕೊಡ್ರೀ ಅಂತ ಹ್ಯಾಂಗ ಕೇಳಲಿ?”

ಇದು ಒಬ್ಬರ ಕತೆಯಲ್ಲ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮನುಷ್ಯರನ್ನು ಹುಟ್ಟಿನಿಂದ ಕಳ್ಳರೆಂದು ದಫ್ತರದಲ್ಲಿ ಬರೆಯಿತು. ನಮ್ಮ ಭಾಗ ನಿಜಾಮರ ಕೈಯಲ್ಲಿತ್ತು, ಅಲ್ಲಿಯೂ ಅಂಥದ್ದೇ ಕಾಯ್ದೆಯಿತ್ತು. ಮುಂಬೈ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಗದಗಗಳಲ್ಲಿ ತಂತಿಬೇಲಿ ಹಾಕಿ ಜನರನ್ನು ಕೂಡಿಟ್ಟ ಜಾಗಗಳಿಗೆ ಇವತ್ತೂ ಸೆಟ್ಲಮೆಂಟ್ ಎಂದೇ ಹೆಸರು. 1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. ಬೆನ್ನಿಗೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಹೊಸ ಹೆಸರಿನ ಕಾನೂನು ತಂದವು, ಕರ್ನಾಟಕದ್ದು 1961ರದು. ನಮ್ಮ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವತ್ತಿಗೂ ಗಂಟಿಚೋರ್ ಎಂಬ ಹೆಸರಿದೆ. ಚೋರ ಎಂಬುದನ್ನು ಹೆಸರಿನಲ್ಲೇ ಹೊತ್ತ ಹುಡುಗ ಕಡ್ಡಿ ಹಿಡಿದು ನಮ್ಮ ಸ್ಪರ್ಧೆಗೆ ಬಂದರೆ ಅದನ್ನು ಹವ್ಯಾಸ ಎಂದು ಯಾರು ಬರೆದುಕೊಳ್ಳುತ್ತಾರೆ? 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲಿನೊಳಗಿನ ಜಾತಿವಾರು ಕೆಲಸದ ನಿಯಮಗಳನ್ನು ಹೊಡೆದುಹಾಕಿತು. ವಿಮುಕ್ತ ಸಮುದಾಯದವರನ್ನು ಸುಮ್ಮನೆ ಬಂಧಿಸಬಾರದೆಂದು ಪೊಲೀಸರಿಗೂ ನೆನಪಿಸಿತು. ಅಂದರೆ ಆ ಮಾತನ್ನು ಹೇಳಬೇಕಾದ ಸ್ಥಿತಿ ಇನ್ನೂ ಇದೆ.

ವಿಮುಕ್ತ ಜಾತಿಯವರಿಗೆ ಕೀಲಿ ತೆಗೆಯುವುದು ರಕ್ತದಲ್ಲೇ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೊಗಳುವುದೂ 1871ರ ಭಾಷೆಯೇ. ಕಾಕಾನ ಮಗ ಶಹಾಬಾದಿನಲ್ಲಿ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ, ಕೀಲಿ ಕಂಡರೆ ಅವನಿಗೆ ಬೇಸರ.

ಈಗ ನನ್ನ ಮಾತು. ಎರಡು ವರ್ಷದ ಹಿಂದೆ ಒಂದು ರೈಲು ನಿಲ್ದಾಣದಲ್ಲಿ ನಡುರಾತ್ರಿ ಪೊಲೀಸರು ನನ್ನ ಬ್ಯಾಗು ತಪಾಸಣೆ ಮಾಡಿದರು. ಹದಿನಾಲ್ಕು ಕಡ್ಡಿಗಳ ಸೆಟ್ಟು ಸಿಕ್ಕಿತು. ರಾತ್ರಿ ಹೊತ್ತು ಮನೆ ಒಡೆಯುವ ಸಲಕರಣೆಯನ್ನು ಸರಿಯಾದ ಕಾರಣವಿಲ್ಲದೆ ಇಟ್ಟುಕೊಳ್ಳುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧ. ನಾನು ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದೆ. ಅದರಲ್ಲಿ ನನ್ನ ಅಡ್ಡಹೆಸರಿತ್ತು. “ಪಿಎಚ್‌ಡಿ ಮಾಡೋರಿಗೆ ಇದೆಲ್ಲ ಯಾಕ್ರೀ ಸರ್,” ಎಂದು ನಕ್ಕು ಸೆಟ್ಟು ವಾಪಸ್ಸು ಕೊಟ್ಟರು. ನನ್ನ ಬಳಿ ಸರಿಯಾದ ಕಾರಣ ಏನೂ ಇರಲಿಲ್ಲ, ಸರಿಯಾದ ಅಡ್ಡಹೆಸರಿತ್ತು. ಆ ರಾತ್ರಿ ಅಲ್ಲಿ ಕಾಕಾ ಇದ್ದಿದ್ದರೆ ಅವರ ಸೈಕಲ್ ಕಡ್ಡಿಯೊಂದೇ ಸಾಕಾಗುತ್ತಿತ್ತು. ಮೊನ್ನೆ ತನಕ ನಾನು ಇದನ್ನು ತಮಾಷೆಯ ಪ್ರಸಂಗವೆಂದು ಗೆಳೆಯರಿಗೆ ಹೇಳಿಕೊಂಡು ತಿರುಗಿದ್ದೇನೆ.

ಸಾಹಿತ್ಯದಲ್ಲೂ ಇದೇ ತಾರತಮ್ಯ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕ ಎಂಬ ಬ್ರಾಹ್ಮಣ ಕನ್ನ ಹಾಕುವುದನ್ನು ಶಾಸ್ತ್ರವೆಂಬಂತೆ ವಿವರಿಸುತ್ತ, ಜನಿವಾರವನ್ನೇ ಅಳತೆಯ ದಾರ ಮಾಡಿಕೊಂಡು ಗೋಡೆ ಕೊರೆಯುತ್ತಾನೆ. ನಾವು ಅದನ್ನು ಕಲೆಯೆಂದು ಸವಿಯುತ್ತೇವೆ. ಗಿರೀಶ ಕಾರ್ನಾಡರು ಅದೇ ನಾಟಕದಿಂದ 1984ರಲ್ಲಿ ಉತ್ಸವ್ ಸಿನಿಮಾ ಮಾಡಿದಾಗ ಕಳ್ಳನ ಪಾತ್ರ ಶಂಕರನಾಗ್‌ರದು, ಯಾರು ತಾನೆ ಮೆಚ್ಚಲಿಲ್ಲ! ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕನ್ನ ಹಾಕುತ್ತಿದ್ದ ಮಾರಿತಂದೆಯನ್ನು ತಮ್ಮೊಳಗೆ ಕೂರಿಸಿಕೊಂಡರು. ಅವನು ವಚನ ಬರೆದ, ಕಸುಬಿನ ಮಾತುಗಳನ್ನೇ ಹಿಡಿದು ಬರೆದ. ಇವತ್ತೂ ಅವನು ಕನ್ನದ ಮಾರಿತಂದೆ, ಹೆಸರು ತಿದ್ದಿಲ್ಲ. ಒಳಗೆ ಬಿಡುವ ಮೊದಲು ಅವನಿಂದ ಚೀಟಿ ಕೇಳಿದರೆಂದು ನಾನು ಎಲ್ಲೂ ಓದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಸಮಿತಿಯ ಒಬ್ಬರು ದೊಡ್ಡ ಮನಸ್ಸು ಮಾಡಿ, “ಸರಿ, ಅಂಥವರಿಗೆ ಒಂದು ಸ್ಟಾಲ್ ಕೊಡೋಣ. ಸಾಂಪ್ರದಾಯಿಕ ವಿಧಾನ ತೋರಿಸಲಿ,” ಎಂದರು. ಅಂದರೆ ಹೋಟೆಲಿನ ಹಾಲಿನಲ್ಲಿ ನಾವು ಸ್ಪರ್ಧೆ ಮಾಡುತ್ತೇವೆ, ಹೊರಗೆ ಕಾಕಾ ಬೀಡಿ ಇಲ್ಲದೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇದಕ್ಕಿಂತ ಸರ್ಟಿಫಿಕೇಟು ಕೇಳುವುದೇ ವಾಸಿ.

ರಾಷ್ಟ್ರಮಟ್ಟ ಎಂದ ಮೇಲೆ ಕೀಲಿಗಳಾದರೂ ಈ ರಾಷ್ಟ್ರದವು ಬೇಡವೇ? ಕರಡಿನಲ್ಲಿರುವುದೆಲ್ಲ ತರಿಸಿಕೊಂಡ ಪಿನ್ನಿನ ಕೀಲಿಗಳು. ಅಲಿಘರ್, ದಿಂಡಿಗಲ್‌ಗಳ ಹೆಸರೇ ಇಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ದಿಂಡಿಗಲ್ ಕೀಲಿಯನ್ನು ಕೈಯಲ್ಲಿ ಮಾಡುತ್ತಾರೆ, ಒಳಗೆ ಪಿನ್ನಿಲ್ಲ, ಲಿವರ್ ಪಟ್ಟಿಗಳಿವೆ. ನಮ್ಮ ಹಳ್ಳಿಗಳ ಬಾಗಿಲಲ್ಲಿ ನೇತಾಡುವ ಹಳೇ ಕೀಲಿಗಳಲ್ಲೂ ಲಿವರೇ ಹೆಚ್ಚು. ನನ್ನ ಹದಿನಾಲ್ಕು ಕಡ್ಡಿಗಳ ಸೆಟ್ಟು ಅವುಗಳ ಮುಂದೆ ಆಟಿಕೆ. ಅವುಗಳನ್ನು ಮೇಜಿನ ಮೇಲಿಟ್ಟರೆ ಯಾರು ಗೆಲ್ಲುತ್ತಾರೆ ಎನ್ನುವುದು ಸಮಿತಿಗೆ ಗೊತ್ತು, ನನಗೂ ಗೊತ್ತು.

ಬದಲಿಗೆ ಏನು ಬೇಕು ಎಂದು ಬರೆದುಕೊಡು ಎಂದಿದ್ದಾರೆ. ಬರೆದು ಕಳಿಸಿದ್ದೇನೆ. ವೃತ್ತಿಯವರು, ಹವ್ಯಾಸಿಗಳು ಎಲ್ಲರಿಗೂ ಪ್ರವೇಶ. ಗೆದ್ದವರಿಗೆ ಹಣದ ಬಹುಮಾನ, ಫಲಕವಲ್ಲ. ಅರ್ಧದಷ್ಟಾದರೂ ಲಿವರ್ ಕೀಲಿಗಳು. ಸಮಿತಿ ಕೊಟ್ಟ ಕೀಲಿಯನ್ನಷ್ಟೇ ಮುಟ್ಟಬೇಕು, ಮೀರಿದವರು ಹೊರಗೆ. ಠಾಣೆಯ ಚೀಟಿ ಬೇಡ. ಸ್ಪರ್ಧೆಗೆ ಬರುವವರ ಕೈಯಲ್ಲಿ ಸಂಘಟಕರೇ ಒಂದು ಆಹ್ವಾನ ಪತ್ರ ಕೊಡಬೇಕು, ದಾರಿಯಲ್ಲಿ ಬ್ಯಾಗು ತೆಗೆಸಿದರೆ ತೋರಿಸಲು. ಜಾಗ ಕಲಬುರಗಿಯಲ್ಲಾದರೆ ಒಳ್ಳೆಯದು, ಇಲ್ಲವೆಂದರೆ ಬೆಂಗಳೂರೇ ಆಗಲಿ, ಬಸ್ ಚಾರ್ಜು ಕೊಡಲಿ. ಮುಂದಿನ ತಿಂಗಳು ಸಭೆಯಿದೆ. ಕಾಕಾ ಈಗಾಗಲೇ ಎರಡು ಸಲ ಫೋನು ಮಾಡಿ, ತಾರೀಖು ಗೊತ್ತಾಯಿತೇನು ಎಂದು ಕೇಳಿದ್ದಾರೆ.